ಕರ್ನಿಮಾತಾ: ಹಲ್ಲಿನಿಂದ ಗುರುತಾದ ಇಲಿ

ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ, ಸಿಂಧೂ ಮತ್ತು ಝೇಲಂ ನದಿಗಳ ನಡುವೆ ಹರಡಿರುವ ಪೊಟ್ವಾರ್ ಪ್ರಸ್ಥಭೂಮಿಯ ಕೊರಕಲುಗಳಲ್ಲಿ ಶಿವಾಲಿಕ್ ಶಿಲಾಸ್ತರಗಳು ಮೈಲುಗಟ್ಟಲೆ ಬಯಲಾಗಿವೆ. ಹಿಮಾಲಯ ಮೇಲೇಳುತ್ತಿದ್ದ ಕಾಲದಲ್ಲಿ ಅಲ್ಲಿಂದ ಇಳಿದ ನದಿಗಳು ತಂದು ಹಾಸಿದ ಮರಳು, ಹೂಳು, ಜೇಡಿಗಳೇ ಗಟ್ಟಿಯಾಗಿ ಈ ಸ್ತರಗಳಾದವು. ಆನೆ, ಜಿರಾಫೆ, ಕುದುರೆಗಳ ಬಳಗದ ದೊಡ್ಡ ಪ್ರಾಣಿಗಳ ಮೂಳೆಗಳಿಗೂ ಶಿವಪಿಥೆಕಸ್ ಎಂಬ ವಾನರಕ್ಕೂ ಈ ನೆಲ ಪ್ರಸಿದ್ಧವಾಗಿದೆ. ಆದರೆ ಇಲಿಗಳ ಚರಿತ್ರೆಯನ್ನು ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ನೆಲ ಜಗತ್ತಿನಲ್ಲಿ ಇಲ್ಲವೆಂದೇ ನಾನು ತಿಳಿದಿದ್ದೇನೆ. 1978ರಲ್ಲಿ ಲೂಯಿಸ್ ಜೇಕಬ್ಸ್ ಎಂಬ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಇಲ್ಲಿಯ ಇಲಿಗಳ ಬಗ್ಗೆ ಒಂದು ದೀರ್ಘ ಅಧ್ಯಯನವನ್ನು ಪ್ರಕಟಿಸಿದರು. ಆಂಟಿಮಸ್ ಚಿಂಜಿಯೆನ್ಸಿಸ್, ಪ್ರೊಗೊನೊಮಿಸ್ ಡಿಬ್ರೂಯ್ನಿ, ಕರ್ನಿಮಾತಾ ಡಾರ್ವಿನಿ, ಮಸ್ ಆಕ್ಟರ್ ಮುಂತಾದ ಅಳಿದ ಪ್ರಭೇದಗಳಿಗೆ ಅದರಲ್ಲಿ ಹೆಸರುಗಳು ಬಂದವು. ಈ ಹೆಸರುಗಳೆಲ್ಲ ನಿಂತಿರುವುದು ಬಿಡಿ ಹಲ್ಲುಗಳ ಮೇಲೆ.

ಭೂವಿಜ್ಞಾನದ ತರಗತಿಯಲ್ಲಿ ಈ ವಿಷಯವನ್ನು ಎತ್ತಿದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. "ಬರೇ ಒಂದು ಹಲ್ಲು ನೋಡಿ ಇದು ಇಂಥಾದ್ದ ಇಲಿ ಅಂತ ಹೆಂಗ ಹೇಳ್ತಾರ್ರಿ ಸರ್?" ಎಂದು ಧಾರವಾಡದ ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ತರಗತಿಯ ಹತ್ತು ನಿಮಿಷದಲ್ಲಿ ಕೊಡುವ ಉತ್ತರ ಸಾಲದೆನಿಸಿ, ಕರ್ನಿಮಾತಾದ ಉದಾಹರಣೆಯನ್ನೇ ಹಿಡಿದು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಈ ಇಲಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಇದರ ಹಲ್ಲುಗಳನ್ನು ವಂಶವೃಕ್ಷದ ಯಾವ ಕೊಂಬೆಗೆ ಸೇರಿಸಬೇಕು ಎಂಬ ತೀರ್ಮಾನವು ಸಸ್ತನಿಗಳ ವಿಕಾಸದ ಕಾಲಗಣನೆಯನ್ನೇ ಒಮ್ಮೆ ಕಟ್ಟಿತು, ಮುಂದೆ ಒಮ್ಮೆ ತಿದ್ದಿತು.

ಮೊದಲು ಹಲ್ಲೇ ಏಕೆ ಎಂಬುದನ್ನು ನೋಡೋಣ. ಇಲಿಯ ಮೂಳೆಗಳು ತೆಳುವಾದವು. ಬೇಟೆಗಾರ ಪ್ರಾಣಿಯ ಹೊಟ್ಟೆಯಲ್ಲಿ, ಹರಿಯುವ ನೀರಿನಲ್ಲಿ, ಮಣ್ಣಿನ ಭಾರದಲ್ಲಿ ಅವು ಬೇಗ ಪುಡಿಯಾಗುತ್ತವೆ. ಹಲ್ಲಿನ ಹೊರಪದರವಾದ ಎನಾಮಲ್ ಹಾಗಲ್ಲ, ಅದು ಸಸ್ತನಿಯ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವನ್ನು ಪಠ್ಯಪುಸ್ತಕಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಆದರೆ ದವಡೆಹಲ್ಲು ಒಸಡಿನೊಳಗೇ ಪೂರ್ಣ ಆಕಾರ ಪಡೆದು ಹೊರಬರುತ್ತದೆ ಮತ್ತು ಆಮೇಲೆ ಅದರ ಕಿರೀಟ ಬೆಳೆಯುವುದಿಲ್ಲ, ಸವೆಯುತ್ತದೆ ಅಷ್ಟೆ. ಹೀಗಾಗಿ ಮರಿ ಇಲಿಯ ದವಡೆಹಲ್ಲನ್ನೂ ಮುದಿ ಇಲಿಯ ದವಡೆಹಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದರೆ ಉದ್ದ ಅಗಲಗಳಲ್ಲಿ ವಯಸ್ಸಿನ ಕಾರಣಕ್ಕೆ ದೊಡ್ಡ ವ್ಯತ್ಯಾಸ ಕಾಣಿಸದು. ತೊಡೆಮೂಳೆಯನ್ನು ಅಳೆದಾಗ ಈ ಭರವಸೆ ಇರುವುದಿಲ್ಲ. ಚಿಕ್ಕ ಮೂಳೆ ಚಿಕ್ಕ ಪ್ರಭೇದದ್ದೋ, ದೊಡ್ಡ ಪ್ರಭೇದದ ಎಳೆಯ ಪ್ರಾಣಿಯದೋ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ಈ ಹಲ್ಲುಗಳನ್ನು ಪಡೆಯುವುದು ತಾಳ್ಮೆಯ ಕೆಲಸ. ಇಲಿಯ ಮೇಲ್ದವಡೆಯ ಮೊದಲ ಹಲ್ಲು ಹೆಚ್ಚೆಂದರೆ ರಾಗಿ ಕಾಳಿನಷ್ಟು ಇರುತ್ತದೆ, ನೆಲದ ಮೇಲೆ ನಡೆದುಹೋಗುವವರ ಕಣ್ಣಿಗೆ ಅದು ಬೀಳುವ ಮಾತೇ ಇಲ್ಲ. ಹಳೆಯ ನದಿಪಾತ್ರದ ಅಂಚಿನಲ್ಲಿ ಸಣ್ಣ ಮೂಳೆಚೂರುಗಳು ಕಾಣಿಸಿಕೊಂಡ ಸ್ತರದಿಂದ ಚೀಲಗಟ್ಟಲೆ ಮಣ್ಣನ್ನು ಅಗೆದು, ಒಣಗಿಸಿ, ಕೆಲವೊಮ್ಮೆ ಸೀಮೆಎಣ್ಣೆಯಲ್ಲಿ ನೆನೆಸಿ, ಆಮೇಲೆ ನೀರಿಗೆ ಹಾಕುತ್ತಾರೆ. ಗಟ್ಟಿಯಾದ ಜೇಡಿ ಆಗ ಬಿಚ್ಚಿಕೊಳ್ಳುತ್ತದೆ. ಅರ್ಧ ಮಿಲಿಮೀಟರ್ ಆಸುಪಾಸಿನ ಕಣ್ಣುಗಳಿರುವ ಜರಡಿಯಲ್ಲಿ ಅದನ್ನು ತೊಳೆದು, ಉಳಿದ ಗರಸನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯಲ್ಲಿ ಹರಡಿ, ಒದ್ದೆ ಮಾಡಿದ ಕುಂಚದ ತುದಿಯಿಂದ ಹಲ್ಲುಗಳನ್ನು ಒಂದೊಂದಾಗಿ ಎತ್ತಬೇಕು. ಎತ್ತಿದ ಹಲ್ಲನ್ನು ಗುಂಡುಸೂಜಿಯ ತಲೆಯ ಮೇಲೆ ಅಂಟಿನಿಂದ ಕೂರಿಸಿ, ಸ್ಥಳದ ಸಂಖ್ಯೆಯೊಂದಿಗೆ ಶೀಸೆಯಲ್ಲಿ ಇಡುತ್ತಾರೆ. ಪೊಟ್ವಾರ್‌ನಲ್ಲಿ 1970ರ ದಶಕದಿಂದ ಪಾಕಿಸ್ತಾನದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅಮೆರಿಕದ ವಿಶ್ವವಿದ್ಯಾಲಯಗಳೊಂದಿಗೆ ಸೇರಿ ನಡೆಸಿದ ಕೆಲಸದಲ್ಲಿ ಪ್ರತಿ ಸ್ಥಳಕ್ಕೂ ಒಂದು ಸಂಖ್ಯೆ ಇತ್ತು. ಆಂಟಿಮಸ್ ಚಿಂಜಿಯೆನ್ಸಿಸ್‌ನ ಹೆಸರಿಗೆ ಆಧಾರವಾದ ಮಾದರಿ ಹಲ್ಲು ಬಂದ ಜಾಗ ವೈಜಿಎಸ್‌ಪಿ 41 (ಯೇಲ್ ವಿಶ್ವವಿದ್ಯಾಲಯ ಮತ್ತು ಆ ಇಲಾಖೆಯ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳು). ಕರ್ನಿಮಾತಾ ಡಾರ್ವಿನಿ ಸಿಕ್ಕ ಜಾಗ ವೈಜಿಎಸ್‌ಪಿ 182. ಈ ಸಂಖ್ಯೆಯ ಚೀಟಿ ಕಳೆದುಹೋದರೆ ಹಲ್ಲಿನ ಬೆಲೆ ಬಹುಮಟ್ಟಿಗೆ ಹೋದಂತೆಯೇ, ಏಕೆಂದರೆ ಅದರ ವಯಸ್ಸು ಸ್ತರದಿಂದ ತಿಳಿಯುತ್ತದೆಯೇ ಹೊರತು ಹಲ್ಲಿನಿಂದ ತಿಳಿಯುವುದಿಲ್ಲ.

ಇನ್ನು ಹಲ್ಲಿನ ಮೈಯನ್ನು ಹತ್ತಿರದಿಂದ ನೋಡಬೇಕು. ಇಲಿ, ಚಿಟ್ಟಿಲಿ, ಹೆಗ್ಗಣಗಳು ಸೇರಿದ ಉಪಕುಟುಂಬದ ಪ್ರಾಣಿಗೆ ಸಾಮಾನ್ಯವಾಗಿ ಒಟ್ಟು 16 ಹಲ್ಲುಗಳು. ಪ್ರತಿ ದವಡೆಯ ಪ್ರತಿ ಬದಿಯಲ್ಲಿ ಒಂದು ಬಾಚಿಹಲ್ಲು, ನಡುವೆ ಖಾಲಿ ಜಾಗ, ಹಿಂದೆ ಮೂರು ದವಡೆಹಲ್ಲುಗಳು. ಬಿಡಿ ಹಲ್ಲು ಕೈಗೆ ಸಿಕ್ಕಾಗ ಮೊದಲು ತೀರ್ಮಾನಿಸಬೇಕಾದದ್ದು ಅದು ಮೇಲಿನದೋ ಕೆಳಗಿನದೋ, ಎಡದ್ದೋ ಬಲದ್ದೋ, ಮೂರರಲ್ಲಿ ಎಷ್ಟನೆಯದು ಎಂಬುದನ್ನು. ಇವುಗಳಲ್ಲಿ ಹೆಚ್ಚು ಮಾತಾಡುವುದು ಮೇಲ್ದವಡೆಯ ಮೊದಲ ದವಡೆಹಲ್ಲು. ಅದರ ಮೇಲೆ ಗುಬುಟುಗಳು, ಅಂದರೆ ಅಗಿಯುವ ಮೈಯ ಸಣ್ಣ ಉಬ್ಬುಗಳು, ಮೂರು ಅಡ್ಡಸಾಲುಗಳಲ್ಲಿ ಕುಳಿತಿರುತ್ತವೆ. ಇವಕ್ಕೆ ಟಿ1ರಿಂದ ಟಿ9ರವರೆಗೆ ಸಂಖ್ಯೆ ಕೊಡುವ ಪದ್ಧತಿ 20ನೇ ಶತಮಾನದ ಆರಂಭದಿಂದಲೂ ಬಳಕೆಯಲ್ಲಿದೆ. ಮುಂದಿನ ಸಾಲಿನಲ್ಲಿ ನಾಲಿಗೆಯ ಬದಿಯಿಂದ ಕೆನ್ನೆಯ ಬದಿಗೆ ಟಿ1, ಟಿ2, ಟಿ3. ನಡುವಿನ ಸಾಲಿನಲ್ಲಿ ಟಿ4, ಟಿ5, ಟಿ6. ಹಿಂದಿನ ಸಾಲಿನಲ್ಲಿ ಟಿ7, ಟಿ8, ಟಿ9. ಹಿಂದಿನ ಸಾಲಿನ ಟಿ7 ಎಷ್ಟೋ ಇಲಿಗಳಲ್ಲಿ ಇರುವುದೇ ಇಲ್ಲ, ಅಥವಾ ಒಂದು ಸಣ್ಣ ಏಣಾಗಿ ಮಾತ್ರ ಇರುತ್ತದೆ. ಸಾಲಿನ ಗುಬುಟುಗಳು ಒಂದಕ್ಕೊಂದು ಕೂಡಿಕೊಂಡು, ಹಲ್ಲು ಸವೆಯುತ್ತ ಬಂದಂತೆ ಬಾಗಿದ ಅಡ್ಡಪಟ್ಟಿಗಳಾಗಿ ಕಾಣುತ್ತವೆ. ಇಲಿ ಅಗಿಯುವಾಗ ಕೆಳದವಡೆಯನ್ನು ಹಿಂದೆ ಮುಂದೆ ಎಳೆಯುತ್ತದೆ. ಆ ಚಲನೆಗೆ ಅಡ್ಡವಾಗಿ ನಿಂತ ಈ ಪಟ್ಟಿಗಳ ನಡುವೆ ಆಹಾರ ಅರೆಯಲ್ಪಡುತ್ತದೆ.

ಇದರ ಮಹತ್ವ ತಿಳಿಯಬೇಕಾದರೆ ಪಕ್ಕದಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಬಳಗದ ಹಲ್ಲನ್ನು ಇಟ್ಟುಕೊಳ್ಳಬೇಕು. ಅದರಲ್ಲಿ ಮುಖ್ಯ ಗುಬುಟುಗಳು ಎರಡೇ ಉದ್ದಸಾಲುಗಳಲ್ಲಿ ಇರುತ್ತವೆ ಮತ್ತು ಮುಂದಿನಿಂದ ಹಿಂದಕ್ಕೆ ಒಂದು ಏಣು ಅವನ್ನು ಜೋಡಿಸಿರುತ್ತದೆ. ಇಲಿಗಳ ವಂಶದಲ್ಲಿ ಆದ ಹೊಸ ಬೆಳವಣಿಗೆ ಎಂದರೆ ನಾಲಿಗೆಯ ಬದಿಯಲ್ಲಿ ಟಿ1 ಮತ್ತು ಟಿ4 ಎಂಬ ಎರಡು ಗುಬುಟುಗಳು ಹೊಸದಾಗಿ ಮೂಡಿದ್ದು, ಮೂರನೆಯ ಉದ್ದಸಾಲು ಹುಟ್ಟಿಕೊಂಡದ್ದು, ಮತ್ತು ಹಳೆಯ ಉದ್ದ ಏಣು ಕ್ರಮೇಣ ಕ್ಷೀಣಿಸಿ ಅಡ್ಡ ಜೋಡಣೆ ಬಲವಾದದ್ದು. ಶಿವಾಲಿಕ್ ಸ್ತರಗಳಲ್ಲಿ ಈ ಬದಲಾವಣೆಯ ಹಂತಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಸಿಗುತ್ತವೆ. ಸುಮಾರು 1.6 ಕೋಟಿ ವರ್ಷ ಹಿಂದಿನ ಪೊಟ್ವಾರ್ಮಸ್ ಎಂಬ ಪ್ರಾಣಿಯ ಹಲ್ಲಿನಲ್ಲಿ ಟಿ4 ಇದೆ, ಟಿ1 ಇಲ್ಲ. ಸುಮಾರು 1.38 ಕೋಟಿ ವರ್ಷ ಹಿಂದೆ ಕಾಣಿಸಿಕೊಳ್ಳುವ ಆಂಟಿಮಸ್‌ನಲ್ಲಿ ಎರಡೂ ಇವೆ, ಆದರೆ ಟಿ1 ತನ್ನ ಸಾಲಿನ ಉಳಿದ ಗುಬುಟುಗಳೊಂದಿಗೆ ಇನ್ನೂ ಕೂಡಿಕೊಂಡಿಲ್ಲ. ಅದಾದ ಮೇಲಿನ ಪ್ರೊಗೊನೊಮಿಸ್‌ನಲ್ಲಿ ಮುಂದಿನ ಎರಡು ಅಡ್ಡಪಟ್ಟಿಗಳೂ ಪೂರ್ಣಗೊಂಡಿವೆ. ಅಂಥ ಹಲ್ಲನ್ನು ಈಗಿನ ಹೊಲದ ಇಲಿಯೊಂದರ ಹಲ್ಲಿನ ಪಕ್ಕದಲ್ಲಿಟ್ಟರೆ ಬಂಧುತ್ವ ಯಾರಿಗೂ ಕಾಣುತ್ತದೆ.

ಹೀಗೆ ಹೇಳಿದಾಗ ವರ್ಗೀಕರಣ ಸುಲಭವೆನಿಸಬಹುದು. ಪೊಟ್ವಾರ್ಮಸ್‌ನ ಕತೆಯನ್ನೇ ನೋಡಿ. ಈ ಹಲ್ಲುಗಳನ್ನು 1982ರಲ್ಲಿ ಮೊದಲು ವರ್ಣಿಸಿದವರು ಅವನ್ನು ಆಂಟಿಮಸ್ ಕುಲಕ್ಕೇ ಸೇರಿಸಿ ಆಂಟಿಮಸ್ ಪ್ರಿಮಿಟಿವಸ್ ಎಂದು ಕರೆದರು. 1988ರಲ್ಲಿ ಎವರೆಟ್ ಲಿಂಡ್ಸೆ, ಟಿ1 ಇಲ್ಲದ ಹಲ್ಲನ್ನು ಆಂಟಿಮಸ್ ಎನ್ನಲಾಗದೆಂದು ಅದಕ್ಕಾಗಿಯೇ ಹೊಸ ಕುಲವನ್ನು ಸ್ಥಾಪಿಸಿ, ಆಫ್ರಿಕದಲ್ಲಿ ಈಗಲೂ ಇರುವ ಮರ-ಇಲಿಗಳ ಉಪಕುಟುಂಬಕ್ಕೆ ಅದನ್ನು ಸೇರಿಸಿದರು. ಹಲ್ಲು ಅದೇ, ಅಳತೆಗಳೂ ಅವೇ. ಯಾವ ಗುಬುಟಿಗೆ ಎಷ್ಟು ತೂಕ ಕೊಡಬೇಕು ಎಂಬ ವಿಚಾರದಲ್ಲಿ ಮಾತ್ರ ಭಿನ್ನಾಭಿಪ್ರಾಯ. ನನಗೆ ಲಿಂಡ್ಸೆಯವರ ಕುಲ ಸರಿಯೆನಿಸುತ್ತದೆ. ಒಂದು ಗುಂಪಿನ ಲಕ್ಷಣವೆಂದು ನಾವು ಒಪ್ಪಿಕೊಂಡ ಗುಬುಟು ಒಂದು ಪ್ರಾಣಿಯಲ್ಲಿ ಇಲ್ಲವೆಂದ ಮೇಲೆ, ಅದು ಮುಂದೆ ಬರಲಿತ್ತು ಎಂಬ ಕಾರಣಕ್ಕೆ ಆ ಪ್ರಾಣಿಯನ್ನು ಗುಂಪಿನ ಒಳಗೆ ಎಳೆದುಕೊಳ್ಳುವುದು ತರವಲ್ಲ.

ಕುಲದ ಮಾತು ಹಾಗಿರಲಿ, ಒಂದೇ ಸ್ಥಳದಿಂದ ಬಂದ ನೂರಾರು ಹಲ್ಲುಗಳಲ್ಲಿ ಎಷ್ಟು ಪ್ರಭೇದಗಳಿವೆ ಎಂದು ತೀರ್ಮಾನಿಸುವುದು ಇನ್ನೂ ಕಷ್ಟ. ಇದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸಲು ನಾನು ಈಗಿನ ಇಲಿಗಳನ್ನೇ ಬಳಸುತ್ತೇನೆ. ಊರಾಚೆಯ ಪಾಳು ಕಟ್ಟಡದಲ್ಲಿ ವಾಸವಿರುವ ಕಣಜ ಗೂಬೆ, ನುಂಗಿದ ಇಲಿಯ ಮೂಳೆ ಮತ್ತು ಕೂದಲನ್ನು ಉಂಡೆ ಮಾಡಿ ಹೊರಗೆ ಕಾರುತ್ತದೆ. ಆ ಉಂಡೆಗಳನ್ನು ಆರಿಸಿ ತಂದು, ನೀರಿನಲ್ಲಿ ನೆನೆಸಿ ಬಿಡಿಸಿದರೆ ದವಡೆಗಳು ಹಲ್ಲು ಸಮೇತ ಸಿಗುತ್ತವೆ. ಒಂದೇ ಬಗೆಯ ಇಲಿಯ ಹತ್ತಾರು ದವಡೆಗಳನ್ನು ಸಾಲಾಗಿ ಇಟ್ಟು ನೋಡಿದವರಿಗೆ ಎರಡು ವಿಷಯಗಳು ತಾವಾಗಿಯೇ ಹೊಳೆಯುತ್ತವೆ. ಎಳೆಯ ಪ್ರಾಣಿಯ ಹಲ್ಲಿನಲ್ಲಿ ಚೂಪಾಗಿ ಬೇರೆಬೇರೆಯಾಗಿ ನಿಂತ ಗುಬುಟುಗಳು ಮುದಿ ಪ್ರಾಣಿಯ ಹಲ್ಲಿನಲ್ಲಿ ಸವೆದು ಒಂದೇ ಪಟ್ಟಿಯಾಗಿ ಕೂಡಿಕೊಂಡಿರುತ್ತವೆ, ಆದ್ದರಿಂದ "ಟಿ1 ಟಿ2ಕ್ಕೆ ಕೂಡಿದೆ" ಎಂಬ ಮಾತನ್ನು ಸವೆತದ ಮಟ್ಟವನ್ನು ನೋಡದೆ ಹೇಳಲಾಗದು. ಇನ್ನೊಂದು, ಒಂದೇ ಪ್ರಭೇದದೊಳಗೂ ಸಣ್ಣ ಗುಬುಟೊಂದು ಕೆಲವರಲ್ಲಿ ಇದ್ದು ಕೆಲವರಲ್ಲಿ ಇಲ್ಲದಿರುವುದು ಅಪರೂಪವೇನಲ್ಲ. ಶಿವಾಲಿಕ್‌ನ ಹಲ್ಲುಗಳಲ್ಲೂ ಎಷ್ಟೋ ಹೀಗೆಯೇ ಬೇಟೆಗಾರ ಪ್ರಾಣಿಗಳ ಮೂಲಕ ಒಂದೆಡೆ ಸೇರಿರಬೇಕು. ಜಠರರಸ ಎನಾಮಲನ್ನು ತಿಂದ ಗುರುತುಗಳಿಂದ, ಹಲ್ಲು ಹಕ್ಕಿಯ ಹೊಟ್ಟೆಯಿಂದ ಬಂತೋ ಪ್ರಾಣಿಯ ಹೊಟ್ಟೆಯಿಂದ ಬಂತೋ ಎಂಬುದನ್ನು ಕೂಡ ಪಳಗಿದ ಕಣ್ಣು ಊಹಿಸಬಲ್ಲದು.

ಆದುದರಿಂದ ಒಳ್ಳೆಯ ವರ್ಗೀಕರಣಕಾರರು ಒಂದು ಹಲ್ಲನ್ನು ಹಿಡಿದು ಕೂರುವುದಿಲ್ಲ. ಒಂದು ಸ್ಥಳದ ಎಲ್ಲ ಮೊದಲ ಮೇಲ್ದವಡೆಹಲ್ಲುಗಳ ಉದ್ದ ಅಗಲಗಳನ್ನು ನಕ್ಷೆಯ ಮೇಲೆ ಚುಕ್ಕಿಗಳಾಗಿ ಗುರುತಿಸುತ್ತಾರೆ. ಚುಕ್ಕಿಗಳು ಒಂದೇ ಗುಂಪಾಗಿ ಕುಳಿತು, ಗುಂಪಿನ ಹರಹು ಈಗಿನ ಒಂದು ಪ್ರಭೇದದೊಳಗೆ ಕಾಣುವ ಹರಹಿನಷ್ಟೇ ಇದ್ದರೆ, ಎರಡು ಪ್ರಭೇದಗಳೆನ್ನಲು ಬೇರೆ ಬಲವಾದ ಕಾರಣ ಬೇಕು. ಗುಂಪು ಎರಡಾಗಿ ಒಡೆದರೆ, ಅದೇ ಒಡಕು ಎರಡನೆಯ ದವಡೆಹಲ್ಲಿನಲ್ಲಿ, ಕೆಳದವಡೆಯ ಹಲ್ಲುಗಳಲ್ಲಿ ಕೂಡ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಅಳತೆಯಲ್ಲಿ ಬೇರೆಯಾದವು ಆಕಾರದಲ್ಲೂ ಬೇರೆಯಾಗಿದ್ದರೆ ಮಾತ್ರ ಪ್ರಭೇದದ ಮಾತು ಗಟ್ಟಿಯಾಗುತ್ತದೆ. ಆಮೇಲೆ ಒಂದು ಹಲ್ಲನ್ನು ಮಾದರಿಯಾಗಿ ಆರಿಸಿ, ಅದಕ್ಕೆ ಹೆಸರನ್ನು ಕಟ್ಟಿ, ಸಂಗ್ರಹಾಲಯದಲ್ಲಿ ಇಡುತ್ತಾರೆ; ಮುಂದೆ ಯಾರಿಗೆ ಅನುಮಾನ ಬಂದರೂ ಆ ಹಲ್ಲಿನ ಹತ್ತಿರವೇ ಹೋಗಿ ನೋಡಬೇಕು. ಒಂದೇ ಒಂದು ಸವೆದ ಹಲ್ಲಿನ ಮೇಲೆ ಹೊಸ ಪ್ರಭೇದವನ್ನು ಘೋಷಿಸುವ ಬರಹಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ಹೆಸರು ಒಮ್ಮೆ ಅಚ್ಚಾದರೆ ಅದನ್ನು ಕೈಬಿಡಲು ಮುಂದಿನ ತಲೆಮಾರು ಪಡಬೇಕಾದ ಪಾಡು ದೊಡ್ಡದು.

ವೈಜಿಎಸ್‌ಪಿ 182ರ ಸಂಗ್ರಹದಲ್ಲಿ ಜೇಕಬ್ಸ್ ಅವರಿಗೆ ಇಂಥ ಎರಡು ಗುಂಪುಗಳು ಸಿಕ್ಕವು. ಸ್ತರದ ವಯಸ್ಸು ಸುಮಾರು 92 ಲಕ್ಷ ವರ್ಷ. ಚಿಕ್ಕ ಹಲ್ಲುಗಳಲ್ಲಿ ಮುಂದಿನ ಸಾಲಿನ ಟಿ1 ಹಿಂದಕ್ಕೆ ಸರಿದು ಆ ಸಾಲಿಡೀ ಓರೆಯಾಗಿತ್ತು; ದೊಡ್ಡವುಗಳಲ್ಲಿ ಟಿ1 ಅಷ್ಟಾಗಿ ಹಿಂದೆ ಸರಿದಿರಲಿಲ್ಲ, ಸಾಲು ಹೆಚ್ಚು ಸಮವಾಗಿತ್ತು. ಚಿಕ್ಕವನ್ನು ಅವರು ಫ್ರಾನ್ಸಿನ ಪಳೆಯುಳಿಕೆಗಳಿಂದ 1938ರಲ್ಲೇ ಸ್ಥಾಪಿತವಾಗಿದ್ದ ಪ್ರೊಗೊನೊಮಿಸ್ ಕುಲಕ್ಕೆ ಸೇರಿಸಿದರು. ದೊಡ್ಡದಕ್ಕೆ ಹೊಸ ಕುಲವನ್ನೇ ಮಾಡಿ, ಇಲಿಗಳಿಗೆ ಆಶ್ರಯ ಕೊಟ್ಟಿರುವ ರಾಜಸ್ಥಾನದ ದೇಶ್ನೋಕ್‌ನ ಕರ್ಣಿಮಾತಾ ದೇವಿಯ ಹೆಸರನ್ನು ಇಟ್ಟರು. ಓರೆಯಾದ ಮುಂಸಾಲು ಈಗಿನ ಮಸ್ ಕುಲದ, ಅಂದರೆ ನಮ್ಮ ಮನೆಯ ಚಿಟ್ಟಿಲಿಯ ಬಳಗದ ಎದ್ದು ಕಾಣುವ ಲಕ್ಷಣ. ಹೀಗಾಗಿ ಪ್ರೊಗೊನೊಮಿಸ್ ಚಿಟ್ಟಿಲಿಯ ಕಡೆಗೆ ಹೋಗುವ ಕೊಂಬೆ ಎಂಬುದು ಸ್ಪಷ್ಟವಾಯಿತು. ಮೇಲಿನ ಸ್ತರಗಳಲ್ಲಿ ಸಿಗುವ ಮಸ್ ಆಕ್ಟರ್ ಆ ದಾರಿಯನ್ನು ಇನ್ನಷ್ಟು ಖಚಿತಪಡಿಸಿತು. ಹಾಗಾದರೆ ಜೊತೆಯಲ್ಲೇ ಇದ್ದ ಕರ್ನಿಮಾತಾ ಯಾವ ಕೊಂಬೆ? ದೊಡ್ಡ ಇಲಿಯ, ಅಂದರೆ ರಾಟಸ್ ಕುಲದ ಕಡೆಗೆ ಹೋಗುವ ಕೊಂಬೆ ಎಂಬುದು ಅಂದಿನ ಉತ್ತರ.

ಆ ಉತ್ತರಕ್ಕೆ ಇಲಿಗಳ ಅಧ್ಯಯನದ ಹೊರಗೆ ಬಹಳ ದೊಡ್ಡ ಪರಿಣಾಮವಾಯಿತು. ಪೊಟ್ವಾರ್ ಸ್ತರಗಳ ವಯಸ್ಸು ಭೂಮಿಯ ಕಾಂತಕ್ಷೇತ್ರ ತಲೆಕೆಳಗಾದ ದಾಖಲೆಯಿಂದ ಚೆನ್ನಾಗಿ ತಿಳಿದಿದೆ. ಕಲ್ಲಿನೊಳಗಿನ ಕಬ್ಬಿಣದ ಕಣಗಳು ಅಂದಿನ ದಿಕ್ಕನ್ನು ಹಿಡಿದಿಟ್ಟುಕೊಂಡಿರುತ್ತವೆ; ಉತ್ತರ ದಕ್ಷಿಣಗಳು ಅದಲುಬದಲಾದ ಕ್ರಮವನ್ನು ಜಾಗತಿಕ ಕ್ರಮದೊಂದಿಗೆ ಹೊಂದಿಸಿದರೆ ಸ್ತರದ ಕಾಲ ಸಿಗುತ್ತದೆ. ಇಷ್ಟು ನಿಖರವಾಗಿ ಕಾಲ ತಿಳಿದ ಸ್ತರಗಳಲ್ಲಿ ಚಿಟ್ಟಿಲಿಯ ಕೊಂಬೆಯೂ ಇಲಿಯ ಕೊಂಬೆಯೂ ಬೇರೆಯಾಗುವುದು ಕಾಣಿಸುತ್ತದೆ ಎಂದಮೇಲೆ, ಡಿಎನ್‌ಎ ವ್ಯತ್ಯಾಸಗಳಿಂದ ಕಾಲವನ್ನು ಲೆಕ್ಕ ಹಾಕುವವರಿಗೆ ಅದಕ್ಕಿಂತ ಬೇಕಾದದ್ದೇನು? 1994ರಲ್ಲಿ ಜೇಕಬ್ಸ್ ಮತ್ತು ವಿಲಿಯಂ ಡೌನ್ಸ್ ಈ ಸರಣಿಯನ್ನು ಮತ್ತೊಮ್ಮೆ ವಿವರಿಸಿದ ಮೇಲೆ, ಮಸ್ ಮತ್ತು ರಾಟಸ್ ಬೇರೆಯಾಗಿ ಸುಮಾರು 1.2 ಕೋಟಿ ವರ್ಷವಾಯಿತು ಎಂಬ ಅಂಕಿ ಜೀವವಿಜ್ಞಾನದಲ್ಲಿ ಎಲ್ಲೆಡೆ ಬಳಕೆಗೆ ಬಂತು. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಸುವ ಸಸ್ತನಿಗಳು ಈ ಎರಡೇ. ಹೀಗಾಗಿ ಇಲಿಗಳಿಗೆ ಸಂಬಂಧವೇ ಇಲ್ಲದ ಸಸ್ತನಿಗಳ ವಂಶವೃಕ್ಷಗಳಲ್ಲೂ ಈ ಅಂಕಿ ಆಧಾರಬಿಂದುವಾಗಿ ನೆಲೆಯೂರಿತು. ಅದರ ತಳದಲ್ಲಿ ಇದ್ದದ್ದು ಟಿ1 ಎಲ್ಲಿ ಕುಳಿತಿದೆ ಎಂಬ ಅವಲೋಕನ, ಮತ್ತು ಕರ್ನಿಮಾತಾ ರಾಟಸ್‌ನ ಬಂಧು ಎಂಬ ಊಹೆ. ಅವಲೋಕನ ಗಟ್ಟಿಯಾದದ್ದು. ಎರಡನೆಯದನ್ನು ಮಾತ್ರ ಮತ್ತೆ ಪರೀಕ್ಷಿಸಬೇಕಾಗಿತ್ತು.

2015ರಲ್ಲಿ ಯೂರಿ ಕಿಮುರಾ ಮತ್ತು ಸಂಗಡಿಗರು ಆ ಪರೀಕ್ಷೆ ನಡೆಸಿದರು. ಅಷ್ಟು ಹೊತ್ತಿಗೆ ಈಗಿರುವ ಇಲಿಗಳ ಡಿಎನ್‌ಎಯಿಂದ ಒಂದು ಸಂಗತಿ ಖಚಿತವಾಗಿತ್ತು: ರಾಟಸ್‌ನ ಬಳಗ ಉಳಿದವುಗಳಿಂದ ಮೊದಲೇ ಬೇರೆಯಾಗಿದೆ, ಮಸ್ ಕುಲವು ಆಫ್ರಿಕದ ಹುಲ್ಲುಗಾವಲಿನ ಆರ್ವಿಕಾಂಥಿಸ್ ಮುಂತಾದವುಗಳಿಗೆ ಹೆಚ್ಚು ಹತ್ತಿರ. ಈ ವೃಕ್ಷವನ್ನು ಎದುರಿಗಿಟ್ಟುಕೊಂಡು ಪಳೆಯುಳಿಕೆ ಹಲ್ಲುಗಳ ಲಕ್ಷಣಗಳನ್ನು ಮತ್ತೆ ತೂಗಿ ನೋಡಿದಾಗ, ಕರ್ನಿಮಾತಾ ಸೇರುವುದು ರಾಟಸ್‌ನ ಕಡೆಗಲ್ಲ, ಆರ್ವಿಕಾಂಥಿಸ್, ಆಫ್ರಿಕದ್ದೇ ಆದ ಓಟೊಮಿಸ್ ಮತ್ತು ನಮ್ಮ ಕಡೆಯ ಮಿಲ್ಲಾರ್ಡಿಯಾ ಬಳಗಗಳ ಕಡೆಗೆ ಎಂಬ ತೀರ್ಮಾನಕ್ಕೆ ಅವರು ಬಂದರು. ಅಂದರೆ ಪೊಟ್ವಾರ್ ಸ್ತರಗಳಲ್ಲಿ ನಾವು ಕಾಣುವ ಕವಲು ಮಸ್ ಮತ್ತು ಆರ್ವಿಕಾಂಥಿಸ್‌ಗಳದ್ದು. ಅದರ ಕನಿಷ್ಠ ವಯಸ್ಸು ಸುಮಾರು 1.1 ಕೋಟಿ ವರ್ಷ. ಮಸ್ ಮತ್ತು ರಾಟಸ್‌ಗಳ ಕವಲು ಅದಕ್ಕಿಂತ ಹಿಂದಿನದಾಗಿರಲೇಬೇಕು. ಅದೇ ಹಲ್ಲು, ಅದೇ ಸ್ತರ, ಬಹುಮಟ್ಟಿಗೆ ಅದೇ ಅಂಕಿ. ಆದರೆ ವೃಕ್ಷದಲ್ಲಿ ಅದನ್ನು ನೆಡಬೇಕಾದ ಜಾಗ ಬೇರೆ. ಒಂದು ಕವಲಿನ ಅಂತರ ಎಂದು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತಪ್ಪು ಕವಲಿಗೆ ಅಂಕಿಯನ್ನು ಕಟ್ಟಿದರೆ ಅದರಿಂದ ಲೆಕ್ಕ ಹಾಕಿದ ಪ್ರತಿಯೊಂದು ಕವಲಿನ ಕಾಲವೂ ಜಾರುತ್ತದೆ.

ಆ ಪ್ರಬಂಧದ ಲೇಖಕರಲ್ಲಿ ಜೇಕಬ್ಸ್ ಅವರೂ ಒಬ್ಬರು ಎಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಹೆಸರಿಟ್ಟವರೇ ಮೂವತ್ತೇಳು ವರ್ಷಗಳ ನಂತರ ಕೂತು ಆ ಹೆಸರಿನ ಬಂಧುತ್ವವನ್ನು ತಿದ್ದಿದ್ದಾರೆ. ಅದು ಸಾಧ್ಯವಾದದ್ದು ಅವರ 1978ರ ವಿವರಣೆ ಅಷ್ಟು ಚೊಕ್ಕವಾಗಿದ್ದುದರಿಂದ. ಯಾವ ಗುಬುಟು ಎಲ್ಲಿದೆ, ಎಷ್ಟು ಹಲ್ಲುಗಳಲ್ಲಿ ಹಾಗಿದೆ, ಮಾದರಿ ಹಲ್ಲು ಯಾವುದು ಎಂಬುದೆಲ್ಲ ಬರಹದಲ್ಲಿ ಇದ್ದುದರಿಂದ, ವ್ಯಾಖ್ಯಾನ ಬದಲಾದರೂ ಪ್ರಭೇದ ಅಲುಗಾಡಲಿಲ್ಲ. ಕರ್ನಿಮಾತಾ ಡಾರ್ವಿನಿ ಇಂದಿಗೂ ಕರ್ನಿಮಾತಾ ಡಾರ್ವಿನಿಯೇ.

ಇಲ್ಲಿ ಧಾರವಾಡದ ಮಾತನ್ನು ಎತ್ತದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 19ನೇ ಶತಮಾನದಲ್ಲಿ ಈ ಭಾಗದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಇಲ್ಲಿಯ ಸಸ್ತನಿಗಳನ್ನು ಸಂಗ್ರಹಿಸಿ, ಅವುಗಳ ಸ್ಥಳೀಯ ಹೆಸರುಗಳನ್ನು ಕೂಡ ಬರೆದಿಟ್ಟವರು. ಅವರ ಸಂಗ್ರಹದ ಆಧಾರದ ಮೇಲೆ 1837ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಎರಡು ಇಲಿಗಳನ್ನು ವರ್ಣಿಸಿದರು: ಪೊದೆಗಳಲ್ಲಿ ಹುಲ್ಲಿನ ಗೂಡು ಕಟ್ಟುವ ಗೊಲುಂಡಾ ಎಲಿಯಟಿ, ಮತ್ತು ಎರೆಹೊಲದ ಬಿರುಕುಗಳಲ್ಲಿ ವಾಸಿಸುವ ಮೃದು ರೋಮದ ಇಲಿ, ಈಗಿನ ಹೆಸರಿನಲ್ಲಿ ಮಿಲ್ಲಾರ್ಡಿಯಾ ಮೆಲ್ಟಾಡಾ. ಎರಡಕ್ಕೂ ಮೂಲಸ್ಥಳವೆಂದು ದಾಖಲಾಗಿರುವುದು ಧಾರವಾಡ. ಡಿಎನ್‌ಎ ಪ್ರಕಾರ ಗೊಲುಂಡಾ ಆರ್ವಿಕಾಂಥಿಸ್‌ನ ಬಳಗಕ್ಕೆ ಸೇರುತ್ತದೆ; ಮಿಲ್ಲಾರ್ಡಿಯಾ ತನ್ನದೇ ಬಳಗಕ್ಕೆ ಹೆಸರು ಕೊಟ್ಟಿದೆ. ಕರ್ನಿಮಾತಾವನ್ನು 2015ರಲ್ಲಿ ಸೇರಿಸಿದ್ದು ಇವೆರಡೂ ಇರುವ ಕೊಂಬೆಗೇ. ನಮ್ಮ ಸುತ್ತಲಿನ ಹತ್ತಿ, ಜೋಳದ ಹೊಲಗಳಲ್ಲಿ ಓಡಾಡುವ ಇಲಿಗಳು ಪೊಟ್ವಾರ್‌ನ ಆ ಹಳೆಯ ಇಲಿಗೆ ರಾಟಸ್‌ಗಿಂತ ಹತ್ತಿರದ ನಂಟರು. ಗೊಲುಂಡಾದ ಮೇಲಿನ ಬಾಚಿಹಲ್ಲಿನ ಮೇಲೆ ಉದ್ದಕ್ಕೆ ಒಂದು ತೋಡು ಇರುತ್ತದೆ ಮತ್ತು ಅದರ ದವಡೆಹಲ್ಲು ಅಗಲವಾಗಿ, ಗುಬುಟುಗಳಿಂದ ದಟ್ಟವಾಗಿ ಇರುತ್ತದೆ; ಒಮ್ಮೆ ಕಂಡವರು ಮರೆಯುವಂಥದ್ದಲ್ಲ. ಈ ಕಾರಣಕ್ಕೇ ಶಿವಾಲಿಕ್‌ನ ಮೇಲಿನ ಸ್ತರಗಳಲ್ಲೂ, ದೂರದ ಇಥಿಯೋಪಿಯದ ಹಡಾರ್‌ನಲ್ಲೂ ಸಿಕ್ಕ ಪಳೆಯುಳಿಕೆ ಹಲ್ಲುಗಳನ್ನು ಗೊಲುಂಡಾ ಎಂದು ಗುರುತಿಸಲು ಸಾಧ್ಯವಾಯಿತು. ಇಂದು ಭಾರತ ಉಪಖಂಡ ಮತ್ತು ಅದರ ಪಶ್ಚಿಮದ ಅಂಚಿನಲ್ಲಿ ಮಾತ್ರ ಉಳಿದಿರುವ ಈ ಕುಲ ಒಂದು ಕಾಲಕ್ಕೆ ಆಫ್ರಿಕದಲ್ಲೂ ಇತ್ತೆಂಬುದನ್ನು ನಮಗೆ ತಿಳಿಸಿದ್ದು ಕೂಡ ಹಲ್ಲುಗಳೇ.

ಹಲ್ಲು ತಿಳಿಸಲಾರದ ವಿಷಯಗಳನ್ನೂ ಹೇಳಬೇಕು. ಆಂಟಿಮಸ್‌ನ ಬಾಲ ಎಷ್ಟುದ್ದವಿತ್ತು, ಕರ್ನಿಮಾತಾದ ರೋಮ ಯಾವ ಬಣ್ಣದ್ದು ಎಂಬುದು ಹಲ್ಲಿನಲ್ಲಿ ಇಲ್ಲ. ಇನ್ನೂ ತೊಡಕಿನ ವಿಷಯ ಪ್ರಭೇದಗಳ ಎಣಿಕೆ. ನಮ್ಮ ಹೊಲಗಳಲ್ಲೇ ಇರುವ ಮಸ್ ಬೂಡುಗಾ ಮತ್ತು ಮಸ್ ಟೆರಿಕಲರ್ ಎಂಬ ಎರಡು ಪುಟ್ಟ ಚಿಟ್ಟಿಲಿಗಳು ಹೊರನೋಟಕ್ಕೆ ಎಷ್ಟು ಹೋಲುತ್ತವೆಂದರೆ, ಅವನ್ನು ಖಚಿತವಾಗಿ ಬೇರ್ಪಡಿಸಿದ್ದು ಕ್ರೋಮೋಸೋಮ್‌ಗಳ ಅಧ್ಯಯನ. ಅಂಥ ಜೋಡಿಗಳು 92 ಲಕ್ಷ ವರ್ಷಗಳ ಹಿಂದೆ ಇದ್ದಿದ್ದರೆ ಅವು ನಮ್ಮ ಚುಕ್ಕಿ ನಕ್ಷೆಯಲ್ಲಿ ಒಂದೇ ಗುಂಪಾಗಿ ಕುಳಿತಿರುತ್ತವೆ. ಆದ್ದರಿಂದ ಹಲ್ಲಿನಿಂದ ಎಣಿಸಿದ ಪ್ರಭೇದಗಳ ಸಂಖ್ಯೆಯನ್ನು ನಾನು ಕನಿಷ್ಠ ಸಂಖ್ಯೆಯೆಂದೇ ಓದುತ್ತೇನೆ.

ಆದರೆ ಹಲ್ಲು ತಿಳಿಸುವ, ಬೇರೆ ಯಾವುದರಿಂದಲೂ ತಿಳಿಯದ ಒಂದು ಸಂಗತಿ ಆಹಾರದ್ದು. ಮರ, ಪೊದೆಗಳು ಇಂಗಾಲವನ್ನು ಹಿಡಿದಿಡುವ ಬಗೆ ಒಂದು, ಜೋಳದಂಥ ಬಿಸಿಲುನಾಡಿನ ಹುಲ್ಲುಗಳ ಬಗೆ ಇನ್ನೊಂದು. ತಿಂದವರ ಎನಾಮಲ್‌ನಲ್ಲಿ ಇಂಗಾಲದ ಎರಡು ಐಸೋಟೋಪ್‌ಗಳ, ಅಂದರೆ ತೂಕದಲ್ಲಿ ಬೇರೆಯಾದ ಬಗೆಗಳ ಪ್ರಮಾಣ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ. ದೊಡ್ಡ ಪ್ರಾಣಿಗಳ ಹಲ್ಲಿನಿಂದ ಪುಡಿಯನ್ನು ಕೊರೆದು ತೆಗೆದು ಇದನ್ನು ಅಳೆಯುವುದು ಹಳೆಯ ಪದ್ಧತಿ. ಇಲಿಯ ಹಲ್ಲಿನಿಂದ ಅಷ್ಟು ಪುಡಿ ತೆಗೆದರೆ ಹಲ್ಲೇ ಉಳಿಯದು. 2013ರಲ್ಲಿ ಕಿಮುರಾ, ಜೇಕಬ್ಸ್, ಲಾರೆನ್ಸ್ ಫ್ಲಿನ್, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ರಾಜೀವ್ ಪಟ್ನಾಯಕ್ ಮುಂತಾದವರು ಲೇಸರ್ ಕಿರಣದಿಂದ ಕೆಳದವಡೆಯ ಮೊದಲ ಹಲ್ಲಿನ ಮೇಲೆ ಸಣ್ಣ ಚುಕ್ಕೆಗಳನ್ನಷ್ಟೇ ಸುಟ್ಟು, 1.38 ಕೋಟಿಯಿಂದ ಸುಮಾರು 20 ಲಕ್ಷ ವರ್ಷದವರೆಗಿನ ಶಿವಾಲಿಕ್ ಇಲಿಗಳ ಆಹಾರವನ್ನು ಅಳೆದರು. ಈ ಅವಧಿಯಲ್ಲಿಯೇ ಅಲ್ಲಿ ಕಾಡು ಹಿಂದೆ ಸರಿದು ಹುಲ್ಲುಗಾವಲು ಹರಡಿತು. ಒಂದೇ ಕಾಲದ ಒಂದೇ ಪ್ರದೇಶದ ಇಲಿಗಳಲ್ಲಿ ದೊಡ್ಡವು ಚಿಕ್ಕವಕ್ಕಿಂತ ಹೆಚ್ಚಾಗಿ ಆ ಹುಲ್ಲನ್ನು ತಿನ್ನುತ್ತಿದ್ದವು ಎಂದೂ, ಎರಡು ಕೊಂಬೆಗಳಲ್ಲಿ ವೇಗವಾಗಿ ಬದಲಾದ ಕೊಂಬೆಯ ಹಲ್ಲಿನ ಹೊಸತನಗಳು ಹುಲ್ಲಿನ ಆಹಾರದೊಂದಿಗೆ ಹೆಜ್ಜೆ ಹಾಕಿದವು ಎಂದೂ ಅವರು ತೋರಿಸಿದರು. ವರ್ಗೀಕರಣಕ್ಕೆ ಇದರಿಂದ ನೇರವಾದ ಪ್ರಯೋಜನವಿದೆ. ಒಂದು ಗುಬುಟಿನ ಬದಲಾವಣೆ ಬಂಧುತ್ವದ ಗುರುತೋ ಆಹಾರದ ಒತ್ತಡಕ್ಕೆ ಬೇರೆಬೇರೆ ವಂಶಗಳು ಬೇರೆಬೇರೆಯಾಗಿ ಕಂಡುಕೊಂಡ ಹೊಂದಾಣಿಕೆಯೋ ಎಂದು ಕೇಳುವಾಗ, ಆ ಪ್ರಾಣಿ ಏನು ತಿನ್ನುತ್ತಿತ್ತೆಂಬುದು ಗೊತ್ತಿದ್ದರೆ ಉತ್ತರ ಊಹೆಯಾಗಿ ಉಳಿಯುವುದಿಲ್ಲ.

ಕೊನೆಯದಾಗಿ ಆಂಟಿಮಸ್ ಮತ್ತು ಪ್ರೊಗೊನೊಮಿಸ್‌ಗಳ ನಡುವಿನ ಸ್ತರಗಳ ಹಲ್ಲುಗಳ ವಿಷಯ. ಟಿ1 ಇನ್ನೂ ಪೂರ್ಣವಾಗಿ ಕೂಡಿಕೊಳ್ಳದ, ಆದರೆ ಕೂಡಿಕೊಳ್ಳುವತ್ತ ಹೊರಟ ಹಲ್ಲುಗಳು ಇಲ್ಲಿ ಸಿಗುತ್ತವೆ, ಮತ್ತು ಒಂದೇ ಸಂಗ್ರಹದಲ್ಲಿ ಹಳೆಯ ಬಗೆಯೂ ಹೊಸ ಬಗೆಯೂ ಒಟ್ಟಿಗೆ ಇರುತ್ತವೆ. ಇವಕ್ಕೆ ಔಪಚಾರಿಕ ಪ್ರಭೇದನಾಮ ಕೊಡದೆ, ಆಂಟಿಮಸ್ ನಂತರದ್ದು, ಪ್ರೊಗೊನೊಮಿಸ್‌ಗೆ ಹತ್ತಿರದ್ದು ಎಂಬ ಕೆಲಸದ ಹೆಸರುಗಳಲ್ಲೇ ಸಂಶೋಧಕರು ಇವುಗಳನ್ನು ಚರ್ಚಿಸುತ್ತ ಬಂದಿದ್ದಾರೆ. ಅವರ ಈ ಸಂಯಮ ನನಗೆ ಬಹಳ ಮೆಚ್ಚುಗೆಯಾಗಿದೆ. ಎಡೆಬಿಡದೆ ಬದಲಾಗುತ್ತಿರುವ ಒಂದು ವಂಶದ ನಡುವೆ ಗೆರೆ ಎಳೆಯಲು ಸ್ತರದಲ್ಲಿ ಯಾವ ಗುರುತೂ ಇಲ್ಲದಿದ್ದಾಗ, ಪ್ರತಿ ಸ್ಥಳದ ಹಲ್ಲುಗಳಲ್ಲಿ ಟಿ1 ಎಷ್ಟರಲ್ಲಿ ಕೂಡಿದೆ, ಎಷ್ಟರಲ್ಲಿ ಇಲ್ಲ ಎಂಬ ಎಣಿಕೆಯನ್ನು ಕೊಟ್ಟು ಬಿಡುವುದೇ ಹೆಚ್ಚು ಪ್ರಾಮಾಣಿಕ. ಭಾರತದ ಕಡೆಯಲ್ಲಿ ಜಮ್ಮುವಿನ ರಾಮನಗರದ ಶಿವಾಲಿಕ್ ಸ್ತರಗಳು ಹೆಚ್ಚುಕಡಿಮೆ ಇದೇ ಕಾಲಕ್ಕೆ ಸೇರುತ್ತವೆ, ಅಲ್ಲಿಂದ ಇಲಿಯ ಹಲ್ಲುಗಳು ಈಗಾಗಲೇ ವರದಿಯಾಗಿವೆ. ಪೊಟ್ವಾರ್‌ನಲ್ಲಿ ಆದಷ್ಟು ಮಣ್ಣನ್ನು ಅಲ್ಲಿಯೂ ಸ್ತರಸ್ತರವಾಗಿ ಜರಡಿ ಹಿಡಿದರೆ, ನೂರಾರು ಕಿಲೋಮೀಟರ್ ದೂರದ ಎರಡು ಜಾಗಗಳಲ್ಲಿ ಟಿ1 ಒಂದೇ ಕಾಲಕ್ಕೆ ಕೂಡಿಕೊಂಡಿತೋ, ಮೊದಲು ಒಂದೆಡೆ ಕೂಡಿ ಆಮೇಲೆ ಇನ್ನೊಂದೆಡೆಗೆ ಹರಡಿತೋ ಎಂಬುದನ್ನು ನೇರವಾಗಿ ಹೋಲಿಸಿ ನೋಡಬಹುದು.